ಬೈಕಿನ ಗಾತ್ರವೂ ಅಪಘಾತದ ಭಯವೂ

ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ, ಮನೆಯ ಹುಡುಗ ಉಡುಪಿಯ ಅಥವಾ ಮಣಿಪಾಲದ ಕಾಲೇಜಿಗೆ ಸೇರುವುದು ನಿಶ್ಚಯವಾಯಿತೆಂದರೆ, ಬ್ರಹ್ಮಾವರದ ಸುತ್ತುಮುತ್ತಲಿನ ಅನೇಕ ಮನೆಗಳ ಜಗಲಿಯಲ್ಲಿ ಒಂದೇ ಬಗೆಯ ವಾಗ್ವಾದ ಆರಂಭವಾಗುತ್ತದೆ. ತಂದೆಗೆ ನೂರು-ನೂರಹತ್ತು ಸಿಸಿಯ ಗಾಡಿ ಧಾರಾಳವಾಗಿ ಸಾಕು. ಮಗನಿಗೆ ಇನ್ನೂರಕ್ಕೆ ಕಡಿಮೆಯಾದುದು ಗಾಡಿಯೆಂದೇ ಅನಿಸದು. ತಾಯಿಗಾದರೋ ಒಂದರ ಬೆನ್ನಿಗೊಂದು ಬಸ್ಸು ಬರುತ್ತಿರುವ ಊರಿನಲ್ಲಿ ಈ ಹಟವೇ ಏಕೆಂಬ ಕಳವಳ. ಕೊನೆಗೆ ಗಾಡಿ ಬಂದು ಅಂಗಳದಲ್ಲಿ ನಿಂತ ದಿನ ನೆರೆಯವರು ಕೇಳುವ ಮೊದಲ ಪ್ರಶ್ನೆಯೂ “ಹ್ವಾಯ್, ಎಷ್ಟ್ ಸಿಸಿ ಮಾರಾಯ್ರೆ?” ಎಂಬುದೇ ಆಗಿರುತ್ತದೆ. ಸಿಸಿ ಏರಿದಂತೆಲ್ಲ ಅಪಾಯವೂ ಏರುತ್ತದೆ, ಇಳಿದಂತೆಲ್ಲ ಇಳಿಯುತ್ತದೆ ಎಂಬ ನಂಬಿಕೆ ಈ ಎಲ್ಲ ಮಾತುಗಳ ಹಿಂದೆ ನಿಂತಿದೆ. ಅದು ಪೂರ್ಣ ಸುಳ್ಳಲ್ಲ. ಆದರೆ ಅದನ್ನೇ ನಂಬಿ ಗಾಡಿ ಕೊಳ್ಳುವವನು ಎರಡು ವಿಧದಲ್ಲಿ ಮೋಸಹೋಗುತ್ತಾನೆ: ದೊಡ್ಡ ಗಾಡಿಯಲ್ಲಿ ನಿಜವಾಗಿ ಭಯಪಡಬೇಕಾದುದು ಏನೆಂಬುದು ಅವನಿಗೆ ತಿಳಿಯುವುದಿಲ್ಲ, ಸಣ್ಣ ಗಾಡಿಯಲ್ಲಿ ಭಯವೇ ಇಲ್ಲವೆಂದು ಭಾವಿಸಿ ಅವನು ನಿಶ್ಚಿಂತನಾಗುತ್ತಾನೆ.

ಯಂತ್ರದ ಸಿಲಿಂಡರಿನೊಳಗೆ ಪಿಸ್ಟನ್ನು ಒಮ್ಮೆ ಮೇಲಿನಿಂದ ಕೆಳಕ್ಕೆ ಸರಿದಾಗ ತೆರವಾಗುವ ಅವಕಾಶದ ಪರಿಮಾಣವನ್ನಷ್ಟೇ ಸಿಸಿ ತಿಳಿಸುತ್ತದೆ. ಆ ಅವಕಾಶದಿಂದ ಎಷ್ಟು ಶಕ್ತಿ ಹೊರಟಿತು, ಆ ಶಕ್ತಿ ಎಷ್ಟು ಭಾರವನ್ನು ಎಳೆಯಬೇಕಾಗಿದೆ, ಹಾಗೆ ಎಳೆದುದನ್ನು ನಿಲ್ಲಿಸಲು ಎಂತಹ ಬ್ರೇಕು ಇದೆ ಎಂಬುದನ್ನು ಅದು ತಿಳಿಸದು. ಹಳಬರಿಗೆ ನೆನಪಿರುವ ಯಮಹಾ ಆರ್‌ಎಕ್ಸ್ ೧೦೦ನ್ನೇ ನೋಡಿ. ೧೯೮೫ರಿಂದ ೧೯೯೬ರವರೆಗೆ ನಮ್ಮಲ್ಲಿ ತಯಾರಾದ ಆ ಗಾಡಿಯದು ಬರಿಯ ೯೮ ಸಿಸಿ; ಆದರೆ ೧೧ ಅಶ್ವಶಕ್ತಿಯನ್ನು ಸುಮಾರು ನೂರು ಕಿಲೋ ತೂಕದ ಮೈಯಲ್ಲಿ ಅಡಗಿಸಿಕೊಂಡಿದ್ದ ಅದರ ಪಿಕಪ್ಪಿಗೆ ಮನಸೋತು ಬಿದ್ದು ಎದ್ದವರು ಊರಿಗೆ ಒಬ್ಬಿಬ್ಬರಾದರೂ ಇದ್ದರು. ಸರಿಸುಮಾರು ಅದೇ ಸಿಸಿಯ ಇಂದಿನ ಸ್ಪ್ಲೆಂಡರು ಎಂಟು ಅಶ್ವಶಕ್ತಿಯಿಂದ ತೃಪ್ತಿಪಟ್ಟುಕೊಂಡಿದೆ. ಅತ್ತ ೩೪೯ ಸಿಸಿಯ ಎನ್‌ಫೀಲ್ಡ್ ಕ್ಲಾಸಿಕ್ಕು, ಗುಡುಗಿನಂತಹ ಅದರ ಸದ್ದನ್ನು ಕೇಳಿದವರು ಏನೇ ಭಾವಿಸಲಿ, ಕೊಡುವುದು ಇಪ್ಪತ್ತು ಅಶ್ವಶಕ್ತಿ, ಅದರ ತೂಕವಾದರೋ ೧೯೫ ಕಿಲೋ. ಲೆಕ್ಕ ಹಾಕಿದರೆ ಭಾರಕ್ಕೂ ಶಕ್ತಿಗೂ ಇರುವ ಅನುಪಾತ ಆ ೯೮ ಸಿಸಿಯ ಹಳೆಯ ಯಮಹಾದ್ದೂ ಈ ೩೪೯ ಸಿಸಿಯ ಎನ್‌ಫೀಲ್ಡಿನದೂ ಹೆಚ್ಚುಕಡಿಮೆ ಒಂದೇ. ಅದೇ ಎನ್‌ಫೀಲ್ಡಿಗಿಂತ ಕೇವಲ ೨೪ ಸಿಸಿ ಹೆಚ್ಚಿದ್ದ, ೩೭೩ ಸಿಸಿಯ ಕೆಟಿಎಂ ಡ್ಯೂಕ್ ೩೯೦ ಆದರೆ, ಅದಕ್ಕಿಂತ ಹಗುರವಾದ ಮೈಯಲ್ಲಿ ಸುಮಾರು ೪೩ ಅಶ್ವಶಕ್ತಿಯನ್ನು ಹೊತ್ತು, ಎನ್‌ಫೀಲ್ಡಿನ ಇಮ್ಮಡಿಗಿಂತ ಅಧಿಕ ವೇಗೋತ್ಕರ್ಷವನ್ನು ಕ್ಷಣಮಾತ್ರದಲ್ಲಿ ಸವಾರನ ಮುಷ್ಟಿಗೆ ಒಪ್ಪಿಸಿಬಿಡುತ್ತಿತ್ತು. ಶೋರೂಮಿನವರು ಕೊಡುವ ಕಾಗದದಲ್ಲಿ ಸಿಸಿಯ ಕೆಳಗೆ ಇರುವ ಸಾಲುಗಳನ್ನು ಓದದೆ ಮುಂಗಡ ಕೊಡಬಾರದೆಂದು ಹೇಳುವುದು ಈ ಕಾರಣಕ್ಕಾಗಿ. ಅಶ್ವಶಕ್ತಿಯನ್ನು ಗಾಡಿಯ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿ: ಏಳೆಂಟು ಬಂದರೆ ಅದು ಸಂಸಾರವಂತರ ಗಾಡಿ, ಹತ್ತು ಹನ್ನೊಂದು ಬಂದರೆ ಅನುಭವಿಯ ಕೈಗೆ ತಕ್ಕುದು, ಹದಿಮೂರನ್ನು ದಾಟಿತೆಂದರೆ ಹೊಸಬನಿಗೆ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು, ಇಪ್ಪತ್ತೈದರ ಹತ್ತಿರ ಬಂದರೆ ಯೋಚಿಸುವ ಅಗತ್ಯವೇ ಇಲ್ಲ, ಬೇಡವೆನ್ನಬಹುದು. ಈ ಮೆಟ್ಟಿಲುಗಳು ನಾನು ಕಟ್ಟಿದವೇ ಹೊರತು ಯಾವ ಕಾಯಿದೆಯವೂ ಅಲ್ಲ.

ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೋಧಿಸಿದವರು ಹೊರದೇಶಗಳಲ್ಲಿ ಇದ್ದಾರೆ. ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದಲ್ಲಿ ೧೯೯೩ರಿಂದ ೧೯೯೬ರವರೆಗೆ, ಬಿದ್ದು ಗಾಯಗೊಂಡ ಸವಾರರನ್ನೂ ಅದೇ ರಸ್ತೆಗಳಲ್ಲಿ ಸುಖವಾಗಿ ಸಂಚರಿಸುತ್ತಿದ್ದ ಸವಾರರನ್ನೂ ಹೋಲಿಸಿ ನಡೆಸಿದ ಅಧ್ಯಯನವೊಂದು, ಸಿಸಿ ಹೆಚ್ಚಿದಂತೆ ಅಪಾಯವೂ ಕ್ರಮವಾಗಿ ಹೆಚ್ಚುತ್ತದೆಂಬುದಕ್ಕೆ ಸುಸಂಗತವಾದ ಆಧಾರ ಕಾಣುವುದಿಲ್ಲವೆಂದು ತೀರ್ಮಾನಿಸಿತು. ಅದಕ್ಕೂ ಮೊದಲು, ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಹ್ಯಾರಿ ಹರ್ಟ್ ಎಂಬ ಪ್ರಾಧ್ಯಾಪಕರೂ ಅವರ ಸಂಗಡಿಗರೂ ೯೦೦ ಅಪಘಾತಗಳನ್ನು ನಡೆದ ಸ್ಥಳದಲ್ಲಿಯೇ ಪರೀಕ್ಷಿಸಿ ೧೯೮೧ರಲ್ಲಿ ಪ್ರಕಟಿಸಿದ ವರದಿ, ದೊಡ್ಡ ಯಂತ್ರದ ಗಾಡಿಗಳು ಅಪಘಾತಗಳಲ್ಲಿ ಸಿಲುಕಿದುದು ಅವುಗಳ ಸಂಖ್ಯೆಗೆ ಹೋಲಿಸಿದರೆ ಕಡಿಮೆಯೇ, ಆದರೆ ಸಿಲುಕಿದಾಗ ಆದ ಗಾಯಗಳು ಹೆಚ್ಚು ತೀವ್ರವೆಂದು ಹೇಳಿತು. ಅಪಘಾತ ಆಗುವುದು ಒಂದು ಪ್ರಶ್ನೆ, ಆದಾಗ ಎಷ್ಟು ಪೆಟ್ಟಾಗುವುದೆಂಬುದು ಬೇರೊಂದು ಪ್ರಶ್ನೆ ಎಂಬ ಈ ವಿವೇಚನೆಯನ್ನು ನಮ್ಮ ಜಗಲಿಯ ಚರ್ಚೆಗಳಲ್ಲಿ ಯಾರೂ ಮಾಡುವುದಿಲ್ಲ. ಆ ವರದಿಯಲ್ಲಿ ಮತ್ತೂ ಲಕ್ಷ್ಯವಿಡಬೇಕಾದ ಸಂಗತಿಗಳಿವೆ: ಅಪಘಾತಕ್ಕೆ ಸಿಕ್ಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ನಿರ್ದಿಷ್ಟ ಗಾಡಿಯ ಮೇಲೆ ಐದು ತಿಂಗಳ ಅನುಭವವನ್ನೂ ಪಡೆದಿರಲಿಲ್ಲ, ಶೇಕಡಾ ೯೨ ಮಂದಿ ಸ್ವಂತವಾಗಿಯೋ ಮನೆಯವರಿಂದಲೋ ಸ್ನೇಹಿತರಿಂದಲೋ ಸವಾರಿ ಕಲಿತವರು, ಅಪಘಾತಗಳಲ್ಲಿ ಮುಕ್ಕಾಲು ಪಾಲು ಇನ್ನೊಂದು ವಾಹನದೊಡನೆ ನಡೆದ ಡಿಕ್ಕಿಗಳಾಗಿದ್ದು, ಅವುಗಳಲ್ಲಿ ಮೂರರಲ್ಲಿ ಎರಡು ಪಾಲು, ಎದುರಿನ ವಾಹನದವನು ಬೈಕಿನವನಿಗೆ ಸಲ್ಲಬೇಕಾದ ದಾರಿಯನ್ನು ಬಿಟ್ಟುಕೊಡದೆ ಅಡ್ಡ ಬಂದುದರಿಂದ ಆದವು. ಡಿಕ್ಕಿಗೆ ಮುನ್ನ ಬೈಕುಗಳ ಮಧ್ಯಮ ವೇಗ ಗಂಟೆಗೆ ೪೮ ಕಿಲೋಮೀಟರು ಮಾತ್ರ. ಆ ವೇಗವನ್ನು ಯಾವ ಸ್ಕೂಟರಾದರೂ ತಲುಪಬಲ್ಲುದು.

ಹಾಗೆಂದು ದೊಡ್ಡ ಗಾಡಿಗಳೆಲ್ಲವೂ ನಿರ್ದೋಷಿಗಳೆಂದು ತಿಳಿಯಬೇಕಾಗಿಲ್ಲ. ಅಮೆರಿಕದ ವಿಮಾ ಕಂಪೆನಿಗಳು ಹೆದ್ದಾರಿ ಸುರಕ್ಷತೆಗಾಗಿ ನಡೆಸುವ ಸಂಸ್ಥೆ ೨೦೦೭ರಲ್ಲಿ ತೋರಿಸಿಕೊಟ್ಟಂತೆ, ಪಂದ್ಯದ ಬೈಕುಗಳ ಮಾದರಿಯ ಅತಿವೇಗದ ಗಾಡಿಗಳ ಸವಾರರಲ್ಲಿ ಮರಣದ ಪ್ರಮಾಣ, ನೆಟ್ಟಗೆ ಕುಳಿತು ನಿಧಾನವಾಗಿ ಸಾಗುವ ಕ್ರೂಸರ್ ಬೈಕುಗಳವರದಕ್ಕಿಂತ ಸುಮಾರು ನಾಲ್ಕು ಪಟ್ಟು. ಆ ಕ್ರೂಸರುಗಳಾದರೋ ಎಷ್ಟೋ ವೇಳೆ ಪಂದ್ಯದ ಬೈಕುಗಳಿಗಿಂತ ಹೆಚ್ಚು ಸಿಸಿಯವು!

ಇಂತಹ ಅರಿವಿನಿಂದಲೇ ಹಲವು ದೇಶಗಳು ಕಲಿಯುವವರಿಗೆ ಸಿಸಿಯೊಂದನ್ನೇ ಗಡಿಯಾಗಿ ಇಡುವುದನ್ನು ಬಿಟ್ಟಿವೆ. ನ್ಯೂಜಿಲೆಂಡು ಹೊಸಬರಿಗೆ ೨೫೦ ಸಿಸಿ ಎಂಬ ಹಳೆಯ ಮಿತಿಯನ್ನು ೨೦೧೨ರಲ್ಲಿ ತೆಗೆದುಹಾಕಿ, ೬೬೦ ಸಿಸಿಯವರೆಗೂ ಅವಕಾಶ ಕೊಟ್ಟು, ಭಾರಕ್ಕೆ ಶಕ್ತಿ ಎಷ್ಟೆಂಬ ಲೆಕ್ಕವನ್ನು ಅದರ ಜೊತೆಗೆ ಕಟ್ಟಿತು. ಯುರೋಪಿನಲ್ಲಿ ೧೨೫ ಸಿಸಿ ಮತ್ತು ಸುಮಾರು ೧೫ ಅಶ್ವಶಕ್ತಿಯ ಒಂದು ಮೆಟ್ಟಿಲು, ಸುಮಾರು ೪೭ ಅಶ್ವಶಕ್ತಿಯ ಮತ್ತೊಂದು ಮೆಟ್ಟಿಲು, ಆಮೇಲೆ ಯಾವುದಾದರೂ ಸರಿ ಎಂಬ ಏಣಿಯಿದೆ. ನಮ್ಮ ೧೯೮೮ರ ಮೋಟಾರು ವಾಹನ ಕಾಯಿದೆಯಲ್ಲಿ ಇರುವ ಏಣಿ ಒಂದೇ ಮೆಟ್ಟಿಲಿನದು: ಹದಿನಾರು ತುಂಬಿದವರು ೫೦ ಸಿಸಿಯನ್ನು ಮೀರದ ಗಾಡಿಯನ್ನು ನಡೆಸಬಹುದು, ಹದಿನೆಂಟಾದ ಮೇಲೆ ಎಲ್ಲವನ್ನೂ. ಲೈಸೆನ್ಸಿನಲ್ಲಿ ಕಾಣುವ ಭೇದ ಗೇರು ಇಲ್ಲದ್ದು, ಗೇರು ಇರುವುದು ಎಂಬ ಎರಡೇ ಆದಕಾರಣ, ಮಣಿಪಾಲದಲ್ಲಿರುವ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ನೂರು ಸಿಸಿಯ ಗಾಡಿಯ ಮೇಲೆ ಎಂಟರ ಆಕಾರದಲ್ಲಿ ಸುತ್ತಿ ಪಾಸಾದ ಹುಡುಗ, ಅಂದು ಸಂಜೆಯೇ ಸಾವಿರ ಸಿಸಿಯ ಬೈಕನ್ನೇರಿ ಹೆದ್ದಾರಿಗೆ ಇಳಿದರೂ ಕಾಯಿದೆ ಅವನನ್ನು ತಡೆಯಲಾರದು. ಮೆಟ್ಟಿಲುಗಳನ್ನು ಸರಕಾರ ಕಟ್ಟಿಲ್ಲವಾದ್ದರಿಂದ ಮನೆಯವರೇ ಕಟ್ಟಬೇಕಾಗಿದೆ. ಮೊದಲ ಎರಡು ಮಳೆಗಾಲಗಳನ್ನು ನೂರ ಇಪ್ಪತ್ತೈದರೊಳಗಿನ ಗಾಡಿಯಲ್ಲಿ ಕಳೆಯಲಿ ಎಂಬುದು ನನ್ನ ಅಭಿಪ್ರಾಯ. ಸಿಸಿ ಕಡಿಮೆಯೆಂಬ ಕಾರಣಕ್ಕಲ್ಲ, ಅಭ್ಯಾಸದ ಕಾಲದ ತಪ್ಪುಗಳನ್ನು ಕಡಿಮೆ ವೇಗದಲ್ಲಿ ಮಾಡಲಿ ಎಂಬುದಕ್ಕಾಗಿ. ಇನ್ನು ಹದಿನೆಂಟು ತುಂಬದವರ ಕೈಗೆ ಬೀಗದ ಕೈ ಕೊಡುವ ಪೋಷಕರು, ೨೦೧೯ರ ತಿದ್ದುಪಡಿಯ ಬಳಿಕ ೨೫,೦೦೦ ರೂಪಾಯಿಯ ದಂಡಕ್ಕೂ ಮೂರು ವರ್ಷಗಳವರೆಗಿನ ಸೆರೆವಾಸಕ್ಕೂ ಗುರಿಯಾಗಬಹುದೆಂಬುದನ್ನು ತಿಳಿದಿರಬೇಕು.

ಈಗ ನಮ್ಮ ಊರಿನ ರಸ್ತೆಗೆ ಬರೋಣ; ಏಕೆಂದರೆ ಮೇಲಿನ ಪಾಂಡಿತ್ಯವೆಲ್ಲ ಸಫಲವೋ ವಿಫಲವೋ ಆಗುವುದು ಇಲ್ಲಿಯೇ. ಹಿಂದೆ ೧೭ ಎಂಬ ಸಂಖ್ಯೆಯನ್ನು ಹೊತ್ತು ಈಗ ೬೬ ಆಗಿರುವ ರಾಷ್ಟ್ರೀಯ ಹೆದ್ದಾರಿ ಬ್ರಹ್ಮಾವರದ ಪೇಟೆಯನ್ನು ನಡುವೆ ಸೀಳಿಕೊಂಡು ಹೋಗಿದೆ. ಅಂಗಡಿ, ಬ್ಯಾಂಕು, ಶಾಲೆ, ಬಸ್‌ಸ್ಟ್ಯಾಂಡುಗಳು ಎರಡೂ ಬದಿಗಳಲ್ಲಿ ಹಂಚಿಹೋಗಿದ್ದು, ಬಾರ್ಕೂರಿಗೂ, ಪೇತ್ರಿ-ಕೊಕ್ಕರ್ಣೆಗಳ ಮೇಲೆ ಹೆಬ್ರಿಗೂ ತಿರುಗುವವರು ಇದೇ ಹೆದ್ದಾರಿಯ ಪ್ರವಾಹದಿಂದ ಕವಲೊಡೆದು ಹೋಗಬೇಕು. ಮಂಗಳೂರಿನಿಂದ ಗೋವೆಯ ಕಡೆಗೆ ಧಾವಿಸುವ ಲಾರಿಗೆ ಇದು ದೂರಪ್ರಯಾಣದ ದಾರಿ. ಹಾಲು ಹಾಕಲು, ಮೀನು ತರಲು, ಮಗುವನ್ನು ಶಾಲೆಗೆ ಬಿಡಲು ಹೊರಟ ಸ್ಕೂಟರಿಗೆ ಇದು ಮನೆಯ ಮುಂದಿನ ಬೀದಿ. ಒಂದೇ ಡಾಂಬರಿನ ಮೇಲೆ ಈ ಎರಡು ಭಾವನೆಗಳು ಸಂಧಿಸುವ ಬಿಂದುಗಳೇ ಆಕಾಶವಾಣಿ ವೃತ್ತದಂತಹ ಕೂಡುರಸ್ತೆಗಳು. ಅಲ್ಲಿ ಪೆಟ್ಟುತಿನ್ನುವವನು ವೇಗವಾಗಿ ಬಂದವನೇ ಆಗಿರಬೇಕೆಂಬ ನಿಯಮವಿಲ್ಲ. ನಿಧಾನವಾಗಿ ಅಡ್ಡದಾಟುತ್ತಿದ್ದ ಸಣ್ಣ ಗಾಡಿಯವನೇ ಎಷ್ಟೋ ವೇಳೆ ಬಲಿಯಾಗುತ್ತಾನೆ.

ಇದರ ಗಣಿತ ಸರಳವಾದುದು. ಡಿವೈಡರಿನ ಬಾಯಲ್ಲಿ ನಿಂತ ಸ್ಕೂಟರು, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಎರಡು ಸಾಲುಗಳ ಅಗಲವನ್ನು ದಾಟಿ ಆಚೆ ಮುಟ್ಟಲು ನಾಲ್ಕು ಸೆಕೆಂಡಾದರೂ ಬೇಕು. ಗಂಟೆಗೆ ತೊಂಬತ್ತು ಕಿಲೋಮೀಟರಿನಲ್ಲಿ ಬರುವ ವಾಹನ ಅಷ್ಟರೊಳಗೆ ನೂರು ಮೀಟರು ಕ್ರಮಿಸಿರುತ್ತದೆ. ನೂರು ಮೀಟರಿನಾಚೆ ಕಾಣುವ ಕಾರನ್ನು “ದೂರ ಇತ್ತ್” ಎಂದು ಎಣಿಸಿ ಹೊರಟವನ ಎಣಿಕೆ ಎಲ್ಲಿ ತಪ್ಪುವುದೆಂಬುದು ಇದರಿಂದ ವಿಶದವಾದೀತು. ಅದರಲ್ಲಿಯೂ ಬಸ್ಸೊಂದು ಒಳಸಾಲಿನಲ್ಲಿ ಬರುತ್ತಿದ್ದು, ಅದರ ಮರೆಯಲ್ಲಿ ಹೊರಸಾಲಿನಿಂದ ಬೈಕೋ ಕಾರೋ ಮುನ್ನುಗ್ಗುತ್ತಿದ್ದರೆ, ಬಸ್ಸಿನವನು ಕರುಣೆಯಿಂದ ನಿಲ್ಲಿಸಿ ಕೈಸನ್ನೆ ಮಾಡಿದನೆಂದು ದಾಟುವುದು ಮೃತ್ಯುವಿಗೆ ಆಮಂತ್ರಣವಿತ್ತಂತೆಯೇ. ಎರಡನೆಯ ಸಾಲು ಸ್ವತಃ ಕಣ್ಣಿಗೆ ಕಾಣುವವರೆಗೆ ಬಸ್ಸಿನ ಮೂತಿಯನ್ನು ದಾಟಿ ಚಕ್ರವನ್ನು ಮುಂದಿಡಬಾರದು. ಡಿವೈಡರಿನ ತೆರವು ದೂರವಾಯಿತೆಂದು ರಾಂಗ್ ಸೈಡಿನಲ್ಲಿ ಅಂಚುಹಿಡಿದು ಬರುವ ಅಭ್ಯಾಸವಂತೂ ಹೆಜಮಾಡಿಯಿಂದ ಶಿರೂರಿನವರೆಗೆ ಈ ಹೆದ್ದಾರಿಯ ಸಾರ್ವತ್ರಿಕ ರೋಗ. ಅದಕ್ಕೆ ತುತ್ತಾಗಿರುವವರಲ್ಲಿ ಹೆಚ್ಚಿನವರು ಸಣ್ಣ ಸಿಸಿಯ ಸವಾರರೇ ಎಂಬುದನ್ನು ರಸ್ತೆಯ ಬದಿಯಲ್ಲಿ ಹತ್ತು ನಿಮಿಷ ನಿಂತು ನೋಡಿದ ಯಾರಾದರೂ ಒಪ್ಪುವರು. ಯೋಗ್ಯ ಸ್ಥಳದಲ್ಲಿ ತೆರವು ಕೊಡದೆ, ಸರ್ವಿಸ್ ರಸ್ತೆಯನ್ನು ಪೂರ್ಣವಾಗಿ ಜೋಡಿಸದೆ ಹೆದ್ದಾರಿಯನ್ನು ಕಟ್ಟಿದವರ ಪಾಲೂ ಈ ದೋಷದಲ್ಲಿದೆ. ಆದರೆ ಬಿದ್ದಾಗ ಮುರಿಯುವುದು ಅವರ ಎಲುಬಲ್ಲ. ಮುಂದಿನ ಯು-ಟರ್ನಿನವರೆಗೆ ಹೋಗಿ ಮರಳುವುದರಿಂದ ನಷ್ಟವಾಗುವುದು ನಾಲ್ಕೈದು ನಿಮಿಷ, ಲೋಟದಷ್ಟೂ ಅಲ್ಲದ ಪೆಟ್ರೋಲು.

ವೇಗದ ಗಾಡಿಯವನ ಅಪಾಯ ಬೇರೆ ಬಗೆಯದು. ಒಣ ರಸ್ತೆಯಲ್ಲಿ ಒಳ್ಳೆಯ ಬ್ರೇಕು ಹಿಡಿದ ಬೈಕು ಗಂಟೆಗೆ ಅರವತ್ತರ ವೇಗದಿಂದ ನಿಲ್ಲಲು, ಕಂಡು ಕೈಯಾಡಿಸುವ ಒಂದು ಸೆಕೆಂಡನ್ನೂ ಸೇರಿಸಿ, ಸುಮಾರು ೩೭ ಮೀಟರು ಬೇಕು. ತೊಂಬತ್ತರಿಂದಾದರೆ ಸುಮಾರು ೭೦. ಮಳೆಯಲ್ಲಿ ಅದೇ ಅಂತರಗಳು ೪೭ ಮತ್ತು ೯೪ರ ಹತ್ತಿರ ಹೋಗುತ್ತವೆ. ವೇಗ ಒಂದೂವರೆ ಪಟ್ಟಾದಾಗ ಹೊಡೆತದ ಬಲ ಎರಡೂಕಾಲು ಪಟ್ಟಾಗುತ್ತದೆ. ಡಿವೈಡರಿರುವ ಚತುಷ್ಪಥದಲ್ಲಿ ಬೈಕಿಗೆ ಗಂಟೆಗೆ ೮೦, ಪೇಟೆಯ ಮತ್ತು ಇತರ ರಸ್ತೆಗಳಲ್ಲಿ ೬೦ ಎಂದು ೨೦೧೮ರಲ್ಲಿ ಕೇಂದ್ರ ಸರಕಾರ ನಿಗದಿಪಡಿಸಿದ ಗರಿಷ್ಠ ಮಿತಿಗಳು ಒಣಗಿದ ರಸ್ತೆಯ, ಹಗಲಿನ ಮಿತಿಗಳೆಂದೇ ಭಾವಿಸುವುದು ಕ್ಷೇಮ. ದೇಶದಲ್ಲಿ ೨೦೨೨ರಲ್ಲಿ ರಸ್ತೆ ಅಪಘಾತಗಳಿಂದ ಮಡಿದ ೧,೬೮,೪೯೧ ಮಂದಿಯಲ್ಲಿ ಶೇಕಡಾ ೪೪.೫ರಷ್ಟು ದ್ವಿಚಕ್ರ ವಾಹನದವರು. ಸಾವುಗಳ ಕಾರಣಗಳಲ್ಲಿ ಅತಿವೇಗದ್ದೇ ಶೇಕಡಾ ೭೧ಕ್ಕಿಂತ ಹೆಚ್ಚು. ಈ ಲೆಕ್ಕ ಎಲ್ಲ ದ್ವಿಚಕ್ರ ವಾಹನಗಳನ್ನೂ ಒಂದೇ ಶೀರ್ಷಿಕೆಯಡಿ ಕೂಡಿಹಾಕುವುದಾದ್ದರಿಂದ, ಅದನ್ನು ತೋರಿಸಿ ದೊಡ್ಡ ಬೈಕನ್ನು ದೂರುವುದೂ ಸಾಧ್ಯವಿಲ್ಲ, ಸಣ್ಣ ಬೈಕನ್ನು ಹೊಗಳುವುದೂ ಸಾಧ್ಯವಿಲ್ಲ.

ಕರಾವಳಿಗೇ ವಿಶಿಷ್ಟವಾದ ಕೆಲವು ಅಪಾಯಗಳು ಯಾವ ದೇಶದ ವರದಿಯಲ್ಲಿಯೂ ಸಿಕ್ಕುವುದಿಲ್ಲ. ಮೀನಿನ ಲಾರಿಗಳಿಂದ ದಾರಿಯುದ್ದಕ್ಕೂ ಸೋರುವ ನೀರು ಡಾಂಬರಿನ ಮೇಲೆ ಜಿಡ್ಡಿನ ಪದರವಾಗಿ ಕೂರುತ್ತದೆ. ತಿರುವಿನಲ್ಲಿ ಅದರ ಮೇಲೆ ಬ್ರೇಕು ಹಾಕಿದ ಸ್ಕೂಟರು ಕ್ಷಣದಲ್ಲಿ ಅಡ್ಡಬೀಳುತ್ತದೆ. ಅಂತಹ ಲಾರಿಯ ಹಿಂದೆ ಸಿಕ್ಕಿಕೊಂಡರೆ ಅದನ್ನು ಮುಂದೆ ಹೋಗಗೊಡುವುದೇ ಜಾಣತನ. ಮಳೆಗಾಲದ ಮೊದಲ ವಾರ, ಬೇಸಿಗೆಯ ಎಣ್ಣೆಯೂ ಧೂಳೂ ನೀರಿನೊಡನೆ ಕಲಸಿ ರಸ್ತೆ ಅತ್ಯಂತ ಜಾರುವ ಕಾಲ. ಹೆದ್ದಾರಿಯ ಅಂಚಿನಿಂದ ಕೆಂಪು ಮಣ್ಣು ಕೊಚ್ಚಿಹೋಗಿ ಡಾಂಬರಿಗೂ ಮಣ್ಣಿಗೂ ನಡುವೆ ಗೇಣುದ್ದದ ತಗ್ಗು ಉಂಟಾಗುವುದೂ ಆಗಲೇ. ರಸ್ತೆಯ ಹೊಂಡಗಳಲ್ಲಿ ಹತ್ತು ಹನ್ನೆರಡು ಅಂಗುಲದ ಸ್ಕೂಟರ್ ಚಕ್ರ ಇಳಿದು ಸಿಕ್ಕುವಂತೆ ಹದಿನೇಳು ಹದಿನೆಂಟು ಅಂಗುಲದ ಬೈಕಿನ ಚಕ್ರ ಸಿಕ್ಕುವುದಿಲ್ಲ. ಹಾಗಾಗಿ ಸ್ಕೂಟರಿನವರು ಮಳೆಯಲ್ಲಿ ನೀರು ನಿಂತ ಜಾಗವನ್ನು ಹೊಂಡವೆಂದೇ ಎಣಿಸಬೇಕು. ಹಿಂಬದಿ ಕುಳಿತವರು ಕೊಡೆ ಬಿಡಿಸುವುದನ್ನಂತೂ ಖಂಡಿತವಾಗಿ ನಿಲ್ಲಿಸಬೇಕು. ಗಾಳಿ ಕೊಡೆಯನ್ನು ಹಿಂದಕ್ಕೆಳೆದಾಗ ಅವರು ತಲೆ ಕೆಳಗಾಗಿ ಬೀಳುವುದನ್ನು ಯಾವ ಸಿಸಿಯೂ ತಪ್ಪಿಸದು. ಮಳೆ ನಿಂತ ಮೇಲೆ ಬೇರೆ ಸಂಕಟ: ರಾತ್ರಿ ಬಿಸಿ ಆರದ ರಸ್ತೆಯ ಮೇಲೆ ದನಗಳು ಮಲಗುತ್ತವೆ. ನವೆಂಬರಿನಿಂದ ಮೇ ತಿಂಗಳವರೆಗೆ ಮಂದಾರ್ತಿ, ಸಾಲಿಗ್ರಾಮ ಮೊದಲಾದ ಮೇಳಗಳ ಯಕ್ಷಗಾನದ ಆಟ ನೋಡಿ ಬೆಳಗಿನ ಜಾವ ಮರಳುವವರಿಗೆ, ಚಂಡೆ-ಮದ್ದಳೆಗಳು ಎಚ್ಚರವಿರಿಸಿದ ಕಣ್ಣು, ತಣ್ಣನೆ ಗಾಳಿ ತಾಗಿದ ಐದೇ ನಿಮಿಷದಲ್ಲಿ ಮುಚ್ಚಿಕೊಳ್ಳುತ್ತದೆ. ಸಭಾಂಗಣದ ಮೂಲೆಯಲ್ಲಿ ಒಂದು ಗಂಟೆ ಮಲಗಿ ಬೆಳಕು ಹರಿದ ಮೇಲೆ ಹೊರಟರೆ ಯಾರೂ ಹೀಯಾಳಿಸುವುದಿಲ್ಲ.

ಇನ್ನು ಬ್ರೇಕಿನ ಮಾತು. ಇಲ್ಲಿ ಸಿಸಿಯ ಲೆಕ್ಕ ತಲೆಕೆಳಗಾಗುತ್ತದೆ. ೨೦೧೯ರ ಏಪ್ರಿಲ್ ೧ರಿಂದ ಮಾರಾಟವಾಗುವ ೧೨೫ ಸಿಸಿಗೆ ಮೇಲ್ಪಟ್ಟ ಗಾಡಿಗಳಿಗೆ, ಬಲವಾಗಿ ಬ್ರೇಕು ಒತ್ತಿದರೂ ಚಕ್ರ ಬಿಗಿದು ಜಾರದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಯಿತು; ಅದಕ್ಕಿಂತ ಕೆಳಗಿನವುಗಳಿಗೆ, ಒಂದು ಬ್ರೇಕನ್ನು ಒತ್ತಿದರೆ ಎರಡೂ ಚಕ್ರಗಳಿಗೆ ಹಂಚುವ ಸಿಬಿಎಸ್ ಇದ್ದರೆ ಸಾಕೆಂದಾಯಿತು. ಆದುದರಿಂದ ಒದ್ದೆ ರಸ್ತೆಯಲ್ಲಿ ಥಟ್ಟನೆ ನಿಲ್ಲಬೇಕಾದಾಗ ಒಂದೂವರೆ ನೂರು ಸಿಸಿಯ ಬೈಕಿನವನಿಗೆ ದೊರೆಯುವ ನೆರವು ಬರಿಯ ಸಿಬಿಎಸ್ ಇರುವ ನೂರು ಸಿಸಿಯವನಿಗೆ ದೊರೆಯುವುದಿಲ್ಲ. ಗಾಡಿ ನೋಡಲು ಹೋದಾಗ “ಮೈಲೇಜು ಎಷ್ಟು?” ಎಂದು ಕೇಳುವ ಮೊದಲು “ಎಬಿಎಸ್ ಇದೆಯೆ, ಮುಂದಿನ ಚಕ್ರಕ್ಕೆ ಮಾತ್ರವೋ ಎರಡಕ್ಕೂ ಉಂಟೊ?” ಎಂದು ಕೇಳಿ, ಸಣ್ಣ ಗಾಡಿಯೇ ಬೇಕಾದರೆ ಮುಂದೆ ಡಿಸ್ಕ್ ಬ್ರೇಕು ಇರುವ ಮಾದರಿಯನ್ನು, ನಾಲ್ಕಾರು ಸಾವಿರ ಹೆಚ್ಚಾದರೂ, ಆಯ್ದುಕೊಳ್ಳಿ. ಶಕ್ತಿಯೊಡನೆ ಬ್ರೇಕೂ ಬೆಳೆಯಬೇಕೆಂಬುದಕ್ಕೆ ೧೯೮೩ರಲ್ಲಿ ಬಂದ ೩೪೭ ಸಿಸಿಯ ರಾಜ್‌ದೂತ್ ೩೫೦ ಉತ್ತಮ ದೃಷ್ಟಾಂತ. ಜಪಾನಿನ ಮೂಲ ಗಾಡಿಗೆ ಮುಂದೆ ಡಿಸ್ಕ್ ಇತ್ತು; ಇಲ್ಲಿಯದಕ್ಕೆ ಡ್ರಮ್ಮನ್ನೇ ಕೊಟ್ಟಿದ್ದರು, ಎಂಜಿನು ಮಾತ್ರ ಮೂವತ್ತು ಅಶ್ವಶಕ್ತಿಯಷ್ಟು ಉಗ್ರವಾಗಿಯೇ ಇತ್ತು.

ಹೆಲ್ಮೆಟ್ಟಿನ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದು ಮರಣದ ಸಂಭವವನ್ನು ಶೇಕಡಾ ೪೨ರಷ್ಟೂ ತಲೆಯ ಗಾಯದ ಸಂಭವವನ್ನು ಶೇಕಡಾ ೬೯ರಷ್ಟೂ ತಗ್ಗಿಸುತ್ತದೆಂಬುದು ಹಲವು ಅಧ್ಯಯನಗಳನ್ನು ಕೂಡಿಸಿ ತೂಗಿದ ಫಲಿತಾಂಶ. ೨೦೨೧ರ ಜೂನ್ ೧ರಿಂದ ಐಎಸ್‌ಐ ಮುದ್ರೆಯಿಲ್ಲದ ಹೆಲ್ಮೆಟ್ಟಿನ ಮಾರಾಟಕ್ಕೆ ನಿಷೇಧವಿದೆ. ಮುದ್ರೆಯಿದ್ದರೂ ಗಲ್ಲದ ಪಟ್ಟಿ ಕಟ್ಟದೆ ಇಟ್ಟ ಹೆಲ್ಮೆಟ್ಟು, ಪೊಲೀಸರ ಕಣ್ಣಿಗೆ ತೋರಿಸಲು ಮಾತ್ರ ಉಪಯುಕ್ತ.

ಹಿಂಬದಿಯ ಸವಾರಿಯ ಬಗೆಗೆ ಕರ್ನಾಟಕದಲ್ಲಿ ೨೦೧೭ರಲ್ಲಿ ಒಂದು ಸ್ವಾರಸ್ಯದ ಪ್ರಸಂಗ ನಡೆಯಿತು. ನೂರು ಸಿಸಿಗೆ ಕಡಿಮೆಯಾದ ಗಾಡಿಯಲ್ಲಿ ಹಿಂದೆ ಯಾರನ್ನೂ ಕೂರಿಸಬಾರದೆಂದು ೧೯೮೯ರ ರಾಜ್ಯ ನಿಯಮಗಳಲ್ಲಿಯೇ ಒಂದು ವಿಧಿಯಿದ್ದು, ಎಲ್ಲರಿಗೂ ಮರೆತುಹೋಗಿತ್ತು. ಅಪಘಾತ ಪರಿಹಾರದ ವ್ಯಾಜ್ಯವೊಂದರ ನಿಮಿತ್ತವಾಗಿ ಅದು ಉಚ್ಚ ನ್ಯಾಯಾಲಯದ ದೃಷ್ಟಿಗೆ ಬಿದ್ದು, ಅಕ್ಟೋಬರಿನಲ್ಲಿ ಸಾರಿಗೆ ಇಲಾಖೆ ಅದನ್ನು ಜಾರಿಗೊಳಿಸಲು ಸುತ್ತೋಲೆ ಹೊರಡಿಸಿತು. ಕೂಗೆದ್ದಿತು. ಕೆಲವೇ ವಾರಗಳಲ್ಲಿ ಸರಕಾರ, ನೂರರ ಸ್ಥಾನದಲ್ಲಿ ಐವತ್ತನ್ನು ಇಡುವುದಾಗಿ ಪ್ರಕಟಿಸಿತು. ಸಿಸಿಯನ್ನು ಅಳತೆಗೋಲಾಗಿ ಹಿಡಿದರೆ ಆಗುವ ತೊಡಕು ಇದು: ೯೯ರದು ಅಪಾಯ, ೧೦೦ರದು ನಿರಪಾಯ ಎಂದು ಯಾವ ರಸ್ತೆ ಹೇಳೀತು?

ಸಿಸಿ ನಿಜವಾಗಿ ಎಣಿಕೆಗೆ ಬರುವುದು ವಿಮೆಯಲ್ಲಿ. ೨೦೨೨ರ ಜೂನ್ ೧ರಿಂದ ಬಂದ ದರದಂತೆ ಮೂರನೆಯವರ ಹಾನಿಯ ವಿಮೆಗೆ ೭೫ ಸಿಸಿಯವರೆಗೆ ವರ್ಷಕ್ಕೆ ೫೩೮ ರೂಪಾಯಿ, ೧೫೦ರವರೆಗೆ ೭೧೪, ೩೫೦ರವರೆಗೆ ೧,೩೬೬, ಅದರ ಮೇಲೆ ೨,೮೦೪. ಹೊಸ ಗಾಡಿಗೆ ಐದು ವರ್ಷದ್ದನ್ನು ಒಟ್ಟಿಗೇ ಕಟ್ಟಬೇಕು. ೧೫೫ ಸಿಸಿಯ ಗಾಡಿಯವನು ೧೪೯ರವನಿಗಿಂತ ಸುಮಾರು ಇಮ್ಮಡಿ ತೆರುವುದೂ, ೩೪೯ ಸಿಸಿ ಗಡಿಯೊಳಗೆ ನಿಂತು ಮೇಲಿನ ದರದಿಂದ ಪಾರಾಗುವುದೂ ಇದರಿಂದಲೇ. ಆದರೆ ಹಣದ ಮೊತ್ತಕ್ಕಿಂತ ಮುಖ್ಯವಾದುದು, ಯಾರಿಗೆ ರಕ್ಷಣೆ ಇದೆ, ಯಾರಿಗೆ ಇಲ್ಲ ಎಂಬುದು. ಹದಿನೈದು ಲಕ್ಷದ ವೈಯಕ್ತಿಕ ಅಪಘಾತ ವಿಮೆ ಸಲ್ಲುವುದು ಗಾಡಿಯ ಮಾಲಕನೇ, ಲೈಸೆನ್ಸು ಹೊಂದಿ, ತಾನೇ ಓಡಿಸುತ್ತಿದ್ದಾಗ ಮಾತ್ರ. ಆರ್‌ಸಿ ಒಬ್ಬರ ಹೆಸರಿನಲ್ಲಿದ್ದು ನಿತ್ಯ ಓಡಿಸುವವರು ಇನ್ನೊಬ್ಬರಾದರೆ ಆ ಮೊತ್ತವನ್ನು ನಂಬಿ ಕೂರುವಂತಿಲ್ಲ. ಕಾಯಿದೆ ಕೇಳುವಷ್ಟೇ ಇರುವ ಪಾಲಿಸಿಯಲ್ಲಿ ಹಿಂಬದಿ ಸವಾರರಿಗೆ ಪರಿಹಾರ ದೊರಕದೆಂದು ಸರ್ವೋಚ್ಚ ನ್ಯಾಯಾಲಯ ೨೦೦೮ರಲ್ಲಿಯೇ ಹೇಳಿದೆ. ಗಾಡಿ ಯಾರು ಓಡಿಸುವರೋ ಅವರ ಹೆಸರಿಗೆ ಆರ್‌ಸಿ ಮಾಡಿಸಿ, ಹಿಂದೆ ಕೂರುವವರಿಗೂ ಸಲ್ಲುವ ರಕ್ಷಣೆಯನ್ನು ಪ್ರತ್ಯೇಕವಾಗಿ ಬರೆಸಿ, ಬರೆದದ್ದು ಪಾಲಿಸಿಯ ಕಾಗದದಲ್ಲಿ ಇದೆಯೋ ಇಲ್ಲವೋ ಎಂಬುದನ್ನು ಶೋರೂಮಿನ ಮೇಜಿನ ಮುಂದೆಯೇ ಕುಳಿತು ಓದಿ ನೋಡತಕ್ಕದ್ದು.